ವಿಭೂತಿ ಹಣೆಗೆ ಹಚ್ರಿ

ಚಿತ್ತವಾಡ್ಗಿ, ಹೊಸಪೇಟೆ
೨೨ ನವೆಂಬರ್ ೨೦೦೭

ಪ್ರೀತಿಯ ತಂಗಿ ಚೆನ್ನಬಸಮ್ಮನಿಗೆ ಅಕ್ಕನ ಆಶೀರ್ವಾದ.

ನೀನು ಆಸ್ಪತ್ರೆಯಿಂದ ಸಿಟ್ಟಾಗಿ ಕಂಪ್ಲಿ ಬಸ್ಸು ಹತ್ತಿ ಎಂಟು ದಿನವಾಯಿತು. ಫೋನೂ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಆಪರೇಷನ್ ಮಾಡಿ ಹಾಕಿದ ನನ್ನ ಹೊಸ ಮಂಡಿ ಚೆನ್ನಾಗಿ ಮಡಚುತ್ತಿದೆ. ಬೆಳಿಗ್ಗೆ ವಾಕರ್ ಹಿಡಿದು ಬೀದಿಬಾಗಿಲಿಗೆ ಹೋಗಿ, ಸಂಡೂರಿನ ಅದಿರು ಲಾರಿಗಳಿಗೆ ಮನಸಾರೆ ಬೈದು ಬಂದೆ.

ನರ್ಸ್ ತುಳಸಿಯ ಮೇಲೆ ನಾನು ದೂರು ಬರೆಯುವ ತನಕ ಈ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದಿದ್ದೀಯಲ್ಲ, ಆ ವಿಷಯಕ್ಕೆ ಬರುತ್ತೇನೆ.

ನನ್ನ ತೊಡೆಯಲ್ಲಿ ನೀನು ನೋಡಿದ ಸಣ್ಣ ನಳಿಗೆ ಗ್ಲೂಕೋಸಿನದಲ್ಲ. ಅದರ ತುದಿ ನರದ ಪಕ್ಕದಲ್ಲಿತ್ತು. ಮರಗಟ್ಟಿಸುವ ಔಷಧ ಅದರಲ್ಲಿ ಇಳಿಯುತ್ತಿದ್ದುದರಿಂದಲೇ ನಾನು ನಿನ್ನೊಡನೆ ನಕ್ಕು ಮಾತಾಡಿದೆ. ಹಾಕುವಾಗ ಡಾಕ್ಟರು ಮಾಸ್ಕು ಕಟ್ಟಿ, ಚರ್ಮವನ್ನು ಔಷಧದಿಂದ ಒರೆಸಿ, ಒಣಗುವ ತನಕ ಕಾದರು. ಮೇಲೆ ಗಾಜಿನಂಥ ಪಟ್ಟಿ ಅಂಟಿಸಿದರು. ತುಳಸಿ ದಿನಕ್ಕೆ ಮೂರು ಸಲ ಕೈ ತೊಳೆದು ಬಂದು, ಪಟ್ಟಿ ಬಿಚ್ಚದೆಯೇ ಒಳಗೆ ಕೆಂಪಾಗಿದೆಯೇ ಎಂದು ನೋಡುವಳು.

ಹಂಪಿಯ ವಿಭೂತಿ ಹಚ್ಚಲೆಂದು ನೀನು ಆ ಪಟ್ಟಿಯ ಅಂಚಿಗೆ ಉಗುರು ಹಾಕಿದಾಗ ಅವಳು ಓಡಿಬಂದಳು.

"ಶಿವನ ವಿಭೂತ್ಯಾಗೂ ಹುಳ ಇರ್ತಾವೇನವ್ವ?" ಎಂದೆ ನೀನು.

"ಹುಳ ನಮ್ಮ ಕೈಯಾಗ, ಚರ್ಮದಾಗ ಇರ್ತಾವ್ರಿ ಅಮ್ಮ. ನಳಿಗೆಗುಂಟ ನರದ ತನಕ ಇಳೀತಾವ. ವಿಭೂತಿ ಹಣಿಗೆ ಹಚ್ರಿ, ತೊಡೀಗೆ ಬ್ಯಾಡ."

ವಾರ್ಡೆಲ್ಲ ನಕ್ಕಿತು. ನಿನಗೆ ಅವಮಾನವಾಯಿತು, ನಿಜ.

ಆದರೆ ಅಪ್ಪನ ಕಾಲು ಹಾಗಾದದ್ದು ನಿನಗೆ ನೆನಪಿಲ್ಲ, ನೀನಾಗ ತೊಟ್ಟಿಲಲ್ಲಿದ್ದೆ. ೧೯೬೧ರಲ್ಲಿ ಬಳ್ಳಾರಿಯಲ್ಲಿ ಆಪರೇಷನ್ನಾಗಿ ಬಂದ ಅಪ್ಪನ ಪಾದದ ಪಟ್ಟಿಯನ್ನು ದಿನವೂ ಬಿಚ್ಚಿ ವಿಭೂತಿ ಹಚ್ಚಿದವಳು ನಾನು. ಹತ್ತನೆಯ ದಿನಕ್ಕೆ ಕೀವು. ಆಮೇಲೆ ಅಪ್ಪ ಕೋಲಿಲ್ಲದೆ ನಡೆಯಲಿಲ್ಲ. ಯಾರೂ ನನ್ನನ್ನು ಬೈಯಲಿಲ್ಲ, ಅಪ್ಪನೂ. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ತಾಡಪತ್ರಿ ಹೊದಿಸದ ಲಾರಿಗಳ ಬಗ್ಗೆ ಮೂರು ವರ್ಷದಿಂದ ಕಂಡಕಂಡ ಅಧಿಕಾರಿಗಳಿಗೆಲ್ಲ ಬರೆದಿದ್ದೇನೆ. ಕುಡಿಯುವ ನೀರಿನ ಮೇಲೂ ಕೆಂಧೂಳು ಕೂರುತ್ತಿದೆ, ಒಬ್ಬರೂ ಕೇಳಲಿಲ್ಲ. ಈ ಊರಿನಲ್ಲಿ ಅಂಗೈಯಗಲ ಜಾಗವನ್ನಾದರೂ ಚೊಕ್ಕಟವಾಗಿ ಕಾದವಳು ತುಳಸಿಯೊಬ್ಬಳೇ, ಅದೂ ನನ್ನ ತೊಡೆಯ ಮೇಲೆ. ಅವಳ ಮೇಲೆ ದೂರು ಬರೆಯಲೇ? ಆಸ್ಪತ್ರೆಗೆ ಬರೆದದ್ದೇನೋ ನಿಜ, ಆದರೆ ಮೆಚ್ಚಿ ಬರೆದೆ.

ಮೂರನೆಯ ದಿನ ನಳಿಗೆ ತೆಗೆದರು. ಇದ್ದ ಜಾಗದಲ್ಲಿ ಸೊಳ್ಳೆ ಕಚ್ಚಿದಷ್ಟೂ ಗುರುತಿಲ್ಲ.

ಭಾನುವಾರ ಬಾ. ವಿಭೂತಿ ತಾ. ಹಣೆ ಕಾಯುತ್ತಿದೆ.

ನಿನ್ನ ಅಕ್ಕ,
ಗಂಗಾಂಬಿಕಾ

ತಾ.ಕ.: ತುಳಸಿ ತಾನಾಗಿ ಓಡಿಬರಲಿಲ್ಲ. ಹೊದಿಕೆಯೊಳಗೆ ಕರೆಗಂಟೆ ಒತ್ತಿದವಳು ನಾನು. ಊರಿಗೆಲ್ಲ ಬುದ್ಧಿ ಹೇಳುವ ನನಗೆ, ನಿನ್ನ ಮುಖ ನೋಡಿ ಬೇಡವೆನ್ನುವ ಧೈರ್ಯ ಬರಲಿಲ್ಲ. ಆ ಹುಡುಗಿ ನಿನ್ನ ಬೈಗುಳವನ್ನೆಲ್ಲ ತಿಂದಳು, ನನ್ನ ಹೆಸರು ಹೇಳಲಿಲ್ಲ.