ಇಲ್ಲದ ಮಹಡಿ

ಭಾನುವಾರ, ಊಟವಾದ ಮೇಲೆ

ಪ್ರೀತಿಯ ಗುಬ್ಬಿಗೆ ದೊಡ್ಡ ಮಾವನ ಆಶೀರ್ವಾದ.

ಚಿತ್ರಕಲೆ ಈ ವಂಶಕ್ಕೆ ಬಂದದ್ದೇ ನನ್ನಿಂದ. ಏಳನೇ ಕ್ಲಾಸಿನಲ್ಲಿ ನಾನು ಬೋರ್ಡಿನ ಮೇಲೆ ಬರೆದ ಹುಲಿಯನ್ನು ನೋಡಿ ಮೇಷ್ಟ್ರು ಕಿಟಕಿಯಿಂದ ಹೊರಗೆ ಹಾರಿದ್ದರು. ದೊಡ್ಡ ಕಲಾವಿದೆಯಾದ ಮೇಲೆ ನೀನಿದನ್ನು ಮರೆತಂತಿದೆ.

ನಾವು ಬಿಟ್ಟು ಬಂದ ಹಳೇ ಮನೆಯನ್ನು ನೆನಪಿನಿಂದಲೇ ಬರೆದುಕೊಡಿ ಎಂದು ಅಣ್ಣತಮ್ಮಂದಿರು ನಮ್ಮಿಬ್ಬರಿಗೂ ಬಿಳಿ ಬಟ್ಟೆ, ಇದ್ದಿಲ ಕಡ್ಡಿ ಕೊಟ್ಟೆ. ನಾನು ಗ್ಯಾರೇಜಿಗೆ ರಜೆ ಹಾಕಿ ಬರೆದೆ. ಮಹಡಿ, ಸಾಲುಗಂಬ, ಬಾಗಿಲಲ್ಲಿ ಮೀಸೆ ತಿರುವುತ್ತ ನಾನು. ನಿನ್ನ ಚಿಕ್ಕ ಮಾವ, ಆ ಟೈಲರ್, ಬರೆದದ್ದೇನು? ಒಂದು ಅಡುಗೆಮನೆ. ಅದರ ಗೋಡೆಯೂ ಸೊಟ್ಟ.

ನಿನ್ನ ಪ್ರದರ್ಶನದಲ್ಲಿ ಅವನದು ಬಾಗಿಲೆದುರಿಗೇ, ದೀಪದ ಕೆಳಗೆ. ನನ್ನದು ಮೆಟ್ಟಿಲ ಹಿಂದೆ, ಬೆಂಕಿ ಆರಿಸುವ ಸಿಲಿಂಡರಿನ ಪಕ್ಕ. ನನಗೇನೂ ಹೊಟ್ಟೆಕಿಚ್ಚಿಲ್ಲ. ಇದ್ದರೂ ಸಿಲಿಂಡರ್ ಹತ್ತಿರವೇ ಇತ್ತಲ್ಲ.

ಯಾರೋ ಹೆಂಗಸು ಅವನ ಚಿತ್ರದ ಮುಂದೆ ಕಣ್ಣೊರೆಸಿಕೊಳ್ಳುತ್ತ, ಮೂಲೆಯಲ್ಲಿರುವ ಸಣ್ಣ ಗೆರೆ ಏನು ಎಂದು ಕೇಳಿದಳು. ಅವನು ನಾಚಿಕೊಂಡು, "ಅಮ್ಮ ಕೂರ್ತಿದ್ದ ಮಣೆ ಕಣಮ್ಮ. ಅವಳನ್ನ ಬರೆಯೋಕೆ ನಂಗೆ ಬರ್ಲಿಲ್ಲ" ಅಂದ. ನಾನು ನಡುವೆ ನುಗ್ಗಿ, "ನಮ್ಮನೇಗೆ ಮಹಡೀನೂ ಇತ್ತು, ಆ ಕಡೆ ಬನ್ನಿ" ಅಂದೆ. ಆ ಕಳ್ಳ, "ಯಾವಾಗ ಕಟ್ಸಿದ್ಯಣ್ಣಾ, ನಾನು ಮಲಗಿದ್ದಾಗ್ಲಾ?" ಅಂದ. ಅವಳು ನಕ್ಕಳು. ನೀನೂ ನಕ್ಕೆ.

ಗುಬ್ಬೀ, ಆ ಮಣೆ ನನಗೂ ನೆನಪಿತ್ತು. ಮೊದಲು ಬರೆದದ್ದು ಅದನ್ನೇ, ಅಮ್ಮನ ಸಮೇತ. ಅವಳ ಕೈ ಕೂಡ ಸರಿಯಾಗಿ ಬಂದಿತ್ತು. ಇಷ್ಟು ಸಣ್ಣದನ್ನು ಯಾರು ನೋಡುತ್ತಾರೆಂದು ಅದರ ಮೇಲೆ ಕಂಬ ಎಳೆದುಬಿಟ್ಟೆ. ಬಾಗಿಲ ಎಡಕ್ಕಿರುವ ಕಂಬವನ್ನು ಬೆಳಕಿಗೆ ಹಿಡಿದು ನೋಡು. ಅಮ್ಮ ಕಂಡರೆ ನನ್ನ ಬಟ್ಟೆಯನ್ನೂ ಮುಂದಕ್ಕೆ ತಾ. ಅವನದರ ಪಕ್ಕದಲ್ಲೇ ಆದರೂ ಸರಿ. ಒಂದು ಗೇಣು ಮೇಲಿರಲಿ.

ಇಂತಿ ನಿನ್ನ ಮೊದಲ ಗುರು,
ದೊಡ್ಡ ಮಾವ

ತಾ.ಕ.: ಯಾರ ಚಿತ್ರದ ಮುಂದೆ ಹೆಚ್ಚು ಜನ ನಿಲ್ಲುತ್ತಾರೆಂದು ಅವನೊಡನೆ ಬಾಜಿ ಕಟ್ಟಿದ್ದೆ. ಸೋತದ್ದು ಒಂದು ಟೀ ಎಂದು ನಿನ್ನ ಅತ್ತೆಗೆ ಹೇಳಿದ್ದೇನೆ, ನೀನೂ ಹಾಗೇ ಹೇಳು. ಆ ಮನೆಯನ್ನು ಇನ್ನೊಮ್ಮೆ ನೋಡಿ ಬರಬೇಕೆಂದು ಟೂಲ್ ಬಾಕ್ಸಿನ ತಳದಲ್ಲಿ ಕೂಡಿಟ್ಟಿದ್ದ ದುಡ್ಡು ಅದು. ಅವನು ಅದರಲ್ಲಿ ಆಗಲೇ ಅಲ್ಲಿಗೆ ಟಿಕೆಟ್ ತೆಗೆಸಿದ್ದಾನೆ, ಒಂದೇ ಒಂದು. ಹೋದದ್ದು ಹನ್ನೊಂದು ಸಾವಿರದ ಆರುನೂರು.