ತಕ್ಕಡಿಯ ಹರಕೆ ಬಿಡಿಸಿ ಬರೆ, ನಿಂಗರಾಜು

ಏನೋ ನಿಂಗರಾಜು, ಮೊದಲು ಆ ಕೈಯಲ್ಲಿರುವ ಮೈಸೂರುಪಾಕು ಕೆಳಗಿಡು. ತುಪ್ಪದ ಕೈಯಲ್ಲಿ ಮುಟ್ಟಿದರೆ ಅಕ್ಷರ ಅಳಿಸಿಹೋಗುತ್ತದೆ, ಇನ್ನೊಂದು ಕಾಗದ ಬರೆಯಲು ನನಗೆ ಅವಕಾಶವಿಲ್ಲ. ಇಟ್ಟೆಯಾ? ಕೈ ತೊಳೆದುಕೊಂಡು ಬಂದು ಕೂತು ಓದು. ಕೂರುವಾಗ ಮಂಡಿ ಹಿಡಿದು ಉಸ್ಸಪ್ಪಾ ಎನ್ನುತ್ತೀಯಂತಲ್ಲ, ಮೂವತ್ತೆಂಟು ವರ್ಷಕ್ಕೇ, ನಾಚಿಕೆಯಾಗುವುದಿಲ್ಲವೇ ನಿನಗೆ?

ಇಂದು ಎರಡು ಸಾವಿರದ ನೂರ ಅರವತ್ತಮೂರನೇ ಇಸವಿ, ಹದಿಮೂರನೇ ತಿಂಗಳ ಮೂರನೇ ದಿನ. ನಗಬೇಡ. ನಮ್ಮ ಕಾಲದಲ್ಲಿ ತಿಂಗಳಿಗೆ ಇಪ್ಪತ್ತೆಂಟೇ ದಿನ, ಅದಕ್ಕೇ ಹದಿಮೂರು ತಿಂಗಳು. ನಾನು ಕೆಂಪಾಜಮ್ಮ. ನಮ್ಮಪ್ಪನ ಅವ್ವನಿಗೆ ನೀನು ತಾತ. ಆ ವರಸೆಯಲ್ಲಿ ನಾನೇ ನಿನ್ನ ಕಾಲಿಗೆ ಬೀಳಬೇಕು. ಆದರೆ ನನಗೆ ಈಗ ಎಪ್ಪತ್ತೊಂದು. ಮೂವತ್ತೆಂಟರ ಗಂಡಸಿಗೆ ಬಹುವಚನ ಹಚ್ಚುವಷ್ಟು ತಾಳ್ಮೆ ನನ್ನಲ್ಲಿ ಉಳಿದಿಲ್ಲ. ನಾನು ಊರ ಶಾಲೆಯಲ್ಲಿ ನಾಲ್ಕನೇ ತರಗತಿ ಮುಗಿಸಿದವಳು. ನಿನಗೆ ತಿಳಿಯದ ಪದ ಬಂದರೆ ಕ್ಷಮಿಸು. ತಿಳಿಯುವ ಪದದಲ್ಲಿ ಬೈದದ್ದಕ್ಕೆ ಮಾತ್ರ ನಾನು ಕ್ಷಮೆ ಕೇಳುವುದಿಲ್ಲ.

ನಮ್ಮಲ್ಲಿ ಕಾಲಂಚೆ ಎಂಬುದೊಂದಿದೆ. ಹಿಂದಿನವರಿಗೆ ಕಾಗದ ಒಯ್ದು, ಅದರ ಬೆನ್ನಿಗೆ ಅವರು ಬರೆದ ಉತ್ತರ ತರುವ ಅಂಚೆ ಅದು. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ, ಅದೂ ಸ್ವಂತ ರಕ್ತದವರಿಗೆ. ನನ್ನ ಓರಗೆಯವರು ಆ ಒಂದು ಕಾಗದವನ್ನು ಸತ್ತ ಅವ್ವನಿಗೆ ಬರೆಯುತ್ತಾರೆ, ತಪ್ಪಿಹೋದ ಅಣ್ಣನಿಗೆ ಬರೆಯುತ್ತಾರೆ. ನಾನು ನಿನಗೆ ಬರೆಯಬೇಕಾಯಿತಲ್ಲ, ಆ ಸಿಟ್ಟೇ ನನಗೆ ಇಳಿದಿಲ್ಲ.

ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಕಬ್ಬಿನ ಗಾಡಿ ತೂಗುವವನು ನೀನು. ಹೊರೆ ಹೆಚ್ಚಾದರೆ ಅಚ್ಚು ಮುರಿಯುತ್ತದೆ ಎಂದು ಟ್ರ್ಯಾಕ್ಟರಿನವರನ್ನು ಇಳಿಸಿ ಗದರಿಸುತ್ತೀಯ. ಆ ತೂಕದ ಕಟ್ಟೆಯ ಮೇಲೆ ನೀನೊಮ್ಮೆ ನಿಂತು ನೋಡಿದ್ದೀಯಾ?

ನಿನ್ನ ಮಗ ಲಿಖಿತ ಎಂಟನೇ ತಿಂಗಳಿಗೇ ಹುಟ್ಟಿದ. ಒಂದೂವರೆ ಕೇಜಿ ಇದ್ದ, ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದ. ಬದುಕಿದರೆ ಏಳನೇ ವರ್ಷಕ್ಕೆ ಸಕ್ಕರೆಯಲ್ಲಿ ತುಲಾಭಾರ ಮಾಡಿಸುತ್ತೇನೆಂದು ಮಾರಮ್ಮನಿಗೆ ಹೇಳಿಕೊಂಡೆ. ಅದಕ್ಕೆ ನಾನು ಬೈಯುವುದಿಲ್ಲ. ಪೆಟ್ಟಿಗೆಯೊಳಗಿನ ಮಗುವನ್ನು ನೋಡುತ್ತ ನಿಂತ ಅಪ್ಪ ಏನು ಬೇಕಾದರೂ ಹೇಳಿಕೊಳ್ಳುತ್ತಾನೆ. ನನ್ನ ಜಗಳ ಹೋದ ತಿಂಗಳು ನೀನು ಗುಡಿಯ ಮುಂದೆ ಆಡಿದ ಮಾತಿನ ಮೇಲೆ. ಲಿಖಿತ ಮೂವತ್ತನಾಲ್ಕು ಕೇಜಿ ತೂಗಿದ. ನೀನು ತಂದ ಸಕ್ಕರೆಗೆ ಅವನ ತಟ್ಟೆ ಮೇಲೇಳಲಿಲ್ಲ. ಜನ ಕೂಗಿದರು: "ಸಾಲ್ದು ಕಣ್ಲಾ, ಇನ್ನೊಂದ್ ಮೂಟೆ ತತ್ತಾ! ಕಾರ್ಖಾನೆಯೋನ್ ಮಗ ಅಂದ್ರೆ ಸುಮ್ನೇನಾ!" ಆ ಚಪ್ಪಾಳೆಗೆ ನೀನು ಉಬ್ಬಿಹೋಗಿ ಎದೆ ತಟ್ಟಿಕೊಂಡು ಹೇಳಿದೆ: "ನಮ್ ವಂಸದಾಗೆ ಹಿರೀ ಮಗ ಆಗ್ಲಿ, ಮಗಳಾಗ್ಲಿ, ಏಳು ವರ್ಸಕ್ಕೆ ಈ ತಕ್ಕಡೀಲಿ ಕೂರ್ಬೇಕು. ಹಿಂದಿನೋರ್‍ಗಿಂತ ಒಂದ್ ಕೇಜಿನಾದ್ರೂ ಜಾಸ್ತಿ ತೂಗ್ಬೇಕು. ತಾಯೀ, ಇದು ನಾನ್ ಹೊತ್ತ ಹರಕೆ." ಆಮೇಲೆ ಕಾರ್ಖಾನೆಯ ಉಳಿಯಿಂದ ತಕ್ಕಡಿಯ ದಂಡದ ಮೇಲೆ ನಿನ್ನ ಹೆಸರು ಕೊರೆದು, ಅದರ ಪಕ್ಕದಲ್ಲಿ ಮೂವತ್ತನಾಲ್ಕು ಎಂದು ಬರೆದೆ. ಇದನ್ನೆಲ್ಲ ನನಗೆ ಹೇಳಿದವಳು ನಮ್ಮಪ್ಪನ ಅವ್ವ. ಅವಳಿಗೆ ಹೇಳಿದವನು ಅಂದು ತಟ್ಟೆಯಲ್ಲಿ ಕೂತು ಬೆವರುತ್ತಿದ್ದ ಲಿಖಿತನೇ.

ಆ ದಂಡ ನಮ್ಮ ನಡುಮನೆಯಲ್ಲಿ ಇವತ್ತಿಗೂ ತೂಗುಬಿದ್ದಿದೆ. ನಿನ್ನ ಮೂವತ್ತನಾಲ್ಕರ ಕೆಳಗೆ ಲಿಖಿತನ ಮಗಳ, ಅಂದರೆ ನಮ್ಮಪ್ಪನ ಅವ್ವನ, ಮೂವತ್ತೇಳು. ಅದರ ಕೆಳಗೆ ನಮ್ಮಪ್ಪನ ನಲವತ್ತು, ನನ್ನ ನಲವತ್ತಮೂರು, ನನ್ನ ಮಗ ಮಾದೇಶನ ನಲವತ್ತೇಳು. ನಿನ್ನ ಒಂದು ಮಾತಿಗೆ ನಾವು ಒಂದು ಶಾಸ್ತ್ರವನ್ನೇ ಕಟ್ಟಿಕೊಂಡಿದ್ದೇವೆ. ಅದಕ್ಕೆ ತೂಕದ ವರ್ಷ ಎಂದು ಹೆಸರು. ಆರು ತುಂಬಿದ ದಿನ ಮಗುವನ್ನು ಮಣೆಯ ಮೇಲೆ ಕೂರಿಸಿ ಆರತಿ ಎತ್ತುತ್ತಾರೆ. ಅಲ್ಲಿಂದ ಒಂದು ವರ್ಷ ಮಗು ಓಡಬಾರದು, ಕುಂಟೆಬಿಲ್ಲೆ ಆಡಬಾರದು, ಮೈ ಕರಗುತ್ತದೆಂದು ಬಿಸಿಲಿಗೂ ಬಿಡುವುದಿಲ್ಲ. ಎದ್ದೊಡನೆ ತುಪ್ಪ ಹಾಕಿದ ಸಕ್ಕರೆ ಹಾಲು, ಮಧ್ಯಾಹ್ನ ಎರಡು ಸಲ ಊಟ, ಬಂದ ನೆಂಟರೆಲ್ಲ ಬಾಯಿಗೊಂದೊಂದು ಉಂಡೆ ಇಟ್ಟು ಹೋಗುತ್ತಾರೆ. ನನ್ನನ್ನು ಹಾಗೆ ಕೂರಿಸಿದ್ದರು. ಒಡಹುಟ್ಟಿದವರು ನಾಲೆಗೆ ಹಾರುವ ಸದ್ದನ್ನು ನಾನು ಕಿಟಕಿಯಲ್ಲಿ ಕೂತು ಕೇಳಿದೆ. ಅಷ್ಟಾದ ಮೇಲೂ ಬುದ್ಧಿ ಬರಲಿಲ್ಲ. ಮಾದೇಶನಿಗೆ ಈ ಕೈಯಿಂದ ನಾನೇ ತುರುಕಿದೆ. ಅವನು ಸಾಕು ಎಂದು ಬಾಯಿ ಮುಚ್ಚಿದರೆ ಮೂಗು ಹಿಡಿದು ತುರುಕಿದೆ. ನಲವತ್ತೇಳು ಬಂದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವಳು ನಾನು. ನಿನಗೆ ಬೈಯುವಾಗ ಅರ್ಧ ಬೈಗುಳ ನನಗೇ ತಗಲುತ್ತದೆ. ತಗಲಲಿ, ನಿನ್ನ ಪಾಲು ಕಡಿಮೆಯಾಗುವುದಿಲ್ಲ.

ವರ್ಷ ಮುಗಿದ ಮೇಲೆ ಕರಗುತ್ತದೆ ಎಂದುಕೊಂಡೆವು. ಬಾಯಿಗೆ ಹತ್ತಿದ ರುಚಿ, ಮೈಗೆ ಹತ್ತಿದ ಸೋಮಾರಿತನ ಎಲ್ಲಿಗೆ ಹೋಗುತ್ತವೆ? ಮಾದೇಶನಿಗೆ ಮೂವತ್ತಕ್ಕೆ ಬಿಪಿ, ಮೂವತ್ತಮೂರಕ್ಕೆ ಸಕ್ಕರೆ ಕಾಯಿಲೆ. ಈಗ ನಲವತ್ತಾರು, ಎರಡು ಕಿಡ್ನಿಯೂ ಕೈಕೊಟ್ಟಿವೆ. ನಿಮ್ಮ ಕಾಲದಲ್ಲಿ ಡಯಾಲಿಸಿಸ್‌ಗೆ ಆಸ್ಪತ್ರೆಗೆ ಹೋಗುತ್ತಿದ್ದರಂತೆ. ನಮ್ಮಲ್ಲಿ ಸೋಸುಪಟ್ಟಿ ಕೊಡುತ್ತಾರೆ. ಸೊಂಟಕ್ಕೆ ಬಿಗಿದರೆ ಹಗಲೂ ರಾತ್ರಿ ರಕ್ತ ಸೋಸುತ್ತದೆ. ಜೀವ ಉಳಿಸುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಅದು ಸದಾ ಕಿಸ್ ಕಿಸ್ ಎನ್ನುತ್ತಿರುತ್ತದೆ. ನನ್ನ ಮಗ ಮನೆಯ ಯಾವ ಮೂಲೆಯಲ್ಲಿದ್ದಾನೆಂದು ಕಣ್ಣು ಮುಚ್ಚಿಯೇ ಹೇಳುತ್ತೇನೆ. ಬಾಗಿಲ ಮುಂದೆ ನಾಲೆ ಹರಿಯುತ್ತದೆ, ಅವನು ದಿನಕ್ಕೆ ಅಳೆದ ನಾಲ್ಕು ಲೋಟ ನೀರು ಕುಡಿಯುತ್ತಾನೆ. ಬೇಸಿಗೆಯಲ್ಲಿ ಒದ್ದೆ ಬಟ್ಟೆಯನ್ನು ತುಟಿಗೆ ಒತ್ತಿಕೊಂಡು ಕೂತಿರುತ್ತಾನೆ.

ಸೋಸುಪಟ್ಟಿ ಕಟ್ಟುವಲ್ಲಿ ಒಬ್ಬ ನರ್ಸಮ್ಮ ಇದ್ದಾಳೆ. ಇಷ್ಟು ದಿನ ಏನೂ ನೋವಿರಲಿಲ್ಲವಲ್ಲ ತಾಯಿ ಎಂದು ಅವಳನ್ನು ಕೇಳಿದೆ. ಅವಳು ಹೇಳಿದಳು: "ಅಜ್ಜೀ, ನಾಕು ಜನದ ಮನೆ ಜರಡೀಲಿ ನಲ್ವತ್ತು ಜನದ ರಾಗಿಹಿಟ್ಟು ಜರಡಿ ಹಿಡುದ್ರೆ ಏನಾಯ್ತದೆ? ಮೊದ್ಮೊದ್ಲು ಜರಡಿ ಇನ್ನೂ ಜೋರಾಗೇ ಕೆಲ್ಸ ಮಾಡ್ತದೆ. ಆಮೇಕೆ ಕಣ್ಣು ಅಗಲ ಆಯ್ತದೆ, ಮೇಲೆ ನಿಲ್ಬೇಕಾದ್ದೂ ಕೆಳಗೆ ಬೀಳ್ತದೆ." ಮೈ ಬೆಳೆದಂತೆ ಕಿಡ್ನಿ ಬೆಳೆಯುವುದಿಲ್ಲವಂತೆ. ಅಷ್ಟೂ ಮೈಯ ರಕ್ತವನ್ನು ಆ ಅಂಗೈಯಗಲದ ಜೋಡಿಯೇ ಸೋಸಬೇಕು. ಜೊತೆಗೆ ಬಿಪಿ ಮೇಲಿಂದ ಒತ್ತುತ್ತದೆ, ಸಕ್ಕರೆ ಒಳಗಿಂದ ಕೊರೆಯುತ್ತದೆ. ಮೈಯಲ್ಲಿ ಉಳಿಯಬೇಕಾದ ಪ್ರೋಟೀನು ಮೂತ್ರದಲ್ಲಿ ಹೋಗುತ್ತದೆ, ಆಗ ಮೂತ್ರ ನೊರೆ ನೊರೆ. ನೋವು ಮಾತ್ರ ಇರುವುದಿಲ್ಲ. ಗೊತ್ತಾಗುವ ಹೊತ್ತಿಗೆ ಜರಡಿ ಹರಿದಿರುತ್ತದೆ.

ನಮ್ಮ ಬಚ್ಚಲುಗಳಲ್ಲಿ ನೊರೆಗಣ್ಣು ಎಂಬ ದೀಪವಿರುತ್ತದೆ. ಮೂತ್ರದಲ್ಲಿ ನೊರೆ ಕಂಡರೆ ಹಳದಿಯಾಗಿ ಉರಿಯುತ್ತದೆ. ಮಾದೇಶನಿಗೆ ಅದು ಒಂಬತ್ತು ವರ್ಷ ಉರಿಯಿತು. ಬಂದ ನೆಂಟರಿಗೆ ಕಾಣುತ್ತದೆಂದು ಆ ಪುಣ್ಯಾತ್ಮ ಅದರ ಮೇಲೆ ಟವೆಲು ಹಾಕಿದ್ದ! ಮತ್ತೆ ನೀನು? ನಿನಗೂ ನೊರೆ ಬರುತ್ತಿದೆಯಂತೆ. ಹೆಂಡತಿ ಬಚ್ಚಲಿಗೆ ಹಾಕಿದ ಸೋಪಿನ ಪುಡಿಯದು ಎನ್ನುತ್ತೀಯಂತೆ. ಟವೆಲಾದರೇನು, ಸೋಪಿನ ಪುಡಿಯಾದರೇನು, ಮುಚ್ಚುವ ಬುದ್ಧಿ ನಿನ್ನಿಂದಲೇ ಬಂದದ್ದು. ಮಂಡಿನೋವಿಗೆ ಅಂಗಡಿಯಿಂದ ಮಾತ್ರೆ ತಂದು ದಿನಾ ನುಂಗುತ್ತೀಯಲ್ಲ, ಆ ಮಾತ್ರೆಯೂ ಕಿಡ್ನಿಯನ್ನು ತಿನ್ನುತ್ತದೆ. ಮಂಡಿ ನೋಯುವುದು ನಿನ್ನ ಹೊಟ್ಟೆ ಹೊತ್ತು. ನಡೆದದ್ದು ಬದಲಾಗದು, ಬರೆದದ್ದು ಮಾತ್ರ ಬಂದು ಮುಟ್ಟುತ್ತದೆ ಎನ್ನುತ್ತಾನೆ ಕಾಲಂಚೆಯವನು. ಅವನ ಮಾತು ನಾನು ನಂಬುವುದಿಲ್ಲ. ನಾಳೆಯೇ ಆಸ್ಪತ್ರೆಗೆ ಹೋಗು. ಮೂತ್ರ, ರಕ್ತ ಎರಡೂ ಕೊಟ್ಟು ಕಿಡ್ನಿ ನೋಡಿ ಎಂದು ಬಾಯಿಬಿಟ್ಟು ಕೇಳು. ಬಿಪಿ ನೋಡಿಸು. ಸಂಜೆ ಬೈಕು ಬಿಟ್ಟು ನಡೆದು ಮನೆಗೆ ಬಾ, ಲಿಖಿತನನ್ನೂ ಜೊತೆಗೆ ನಡೆಸು. ಐದಾರು ಕೇಜಿ ಇಳಿದರೂ ಜರಡಿಯ ಮೇಲಿನ ಹೊರೆ ಇಳಿಯುತ್ತದೆ ಎಂದಳು ನರ್ಸಮ್ಮ.

ಈಗ ನಾನು ಬರೆಯಬೇಕಾದ ಮಾತಿಗೆ ಬರುತ್ತೇನೆ. ಮಾದೇಶನ ಹಿರಿಯ ಮಗಳು ತಿಂಗಳಿ. ಇಪ್ಪತ್ತು ಕೇಜಿ ಇದ್ದಾಳೆ, ಸೀಬೆಮರದಲ್ಲೇ ಇರುತ್ತಾಳೆ, ಮಂಡಿಯಲ್ಲಿ ಸದಾ ತರಚುಗಾಯ. ಮುಂದಿನ ತಿಂಗಳ ಮೊದಲ ದಿನಕ್ಕೆ ಅವಳಿಗೆ ಆರು ತುಂಬುತ್ತದೆ. ಮಣೆ ತೊಳೆದು ಒಣಗಿಸಿದ್ದಾರೆ, ತುಪ್ಪದ ಡಬ್ಬಗಳು ಬಂದಿವೆ. ವರ್ಷದಲ್ಲಿ ನಲವತ್ತೆಂಟು ಮಾಡಬೇಕಂತೆ. ನಾನು ಬೇಡವೆಂದೆ, ಕಣ್ಣೀರು ಹಾಕಿದೆ, ಉಪವಾಸ ಕೂತೆ. ಸೊಂಟದಲ್ಲಿ ಕಿಸ್ ಕಿಸ್ ಎನ್ನಿಸಿಕೊಂಡು ನಿಂತ ಮಾದೇಶ ನನಗೆ ಹೇಳುತ್ತಾನೆ: "ಬಿಡು ಅಂತ ಹೇಳೋಕೆ ನೀನ್ಯಾರವ್ವಾ? ಹರಕೆ ಹೊತ್ತೋರೇ ಬಿಡುಸ್ಬೇಕು. ನಾಳೆ ಮಗೀಗೆ ಏನಾರ ಆದ್ರೆ ತಾಯ್ಗೆ ನೀನು ಉತ್ರ ಕೊಟ್ಟೀಯಾ?" ಅವನು ಕೆಟ್ಟವನಲ್ಲ, ಹೆದರಿದ್ದಾನೆ. ನೀನು ಗಾಜಿನ ಪೆಟ್ಟಿಗೆಯ ಮುಂದೆ ಹೆದರಿದ್ದೆಯಲ್ಲ, ಅದೇ ಹೆದರಿಕೆ. ನಿನ್ನ ಮಗು ಹೇಗೋ ತೂಕ ಹತ್ತಿ ಬದುಕಲಿ ಎಂದು ನೀನು ಬೇಡಿದೆ. ನನ್ನ ಮೊಮ್ಮಗಳು ಬದುಕಿಯೇ ಇದ್ದಾಳೆ ಕಣೋ, ಮರ ಹತ್ತಿಕೊಂಡು!

ಹರಕೆ ಹೊತ್ತವನು ನೀನು. ಆದ್ದರಿಂದ ಬರೆ. ಹೋಗಿ ಮಾರಮ್ಮನ ಮುಂದೆ ತೆಂಗಿನಕಾಯಿ ಒಡೆದು ತಪ್ಪಾಯಿತೆಂದು ಹೇಳಿ ಬಾ. ಆಮೇಲೆ ಈ ಕಾಗದದ ಬೆನ್ನಿಗೆ ಹೀಗೆ ಬರೆ: "ನನ್ನ ಹರಕೆ ಲಿಖಿತನಿಗೇ ತೀರಿತು. ಮುಂದಿನ ಯಾವ ಮಗುವೂ ತಕ್ಕಡಿಯಲ್ಲಿ ಕೂರಬೇಕಾಗಿಲ್ಲ. ತಾಯಿ ಮಗುವಿನ ತೂಕವನ್ನೂ ಕೇಳಿರಲಿಲ್ಲ, ಸಕ್ಕರೆಯನ್ನೂ ಕೇಳಿರಲಿಲ್ಲ, ಕೇಳಿದವನು ನಾನು." ಕೆಳಗೆ ಸಹಿ ಹಾಕು. ಬೇರೆಯವರ ಕೈಯಲ್ಲಿ ಬರೆಸಬೇಡ. ದಂಡದ ಮೇಲೆ ನಿನ್ನ ಅಕ್ಷರವಿದೆ, ಮಾದೇಶ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿಯೇ ನಂಬುವುದು. ತೂಕದ ಕೋಣೆಯ ಯಾವ ಕಿಟಕಿಯಲ್ಲಿ ಈ ಕಾಗದ ಸಿಕ್ಕಿತೋ ಅಲ್ಲೇ ಇಡು, ಕಾಲಂಚೆಯವರು ಒಯ್ಯುತ್ತಾರೆ.

ನಾನಿದನ್ನು ಬರೆಯುತ್ತಿರುವಾಗ ತಿಂಗಳಿ ಮರದ ಮೇಲಿಂದ ಕೂಗುತ್ತಿದ್ದಾಳೆ: "ಅಜ್ಜೀ, ಕೆಳ್ಗೆ ನಿಂತ್ಕೋ, ಹಣ್ಣು ಎಸೀತೀನಿ!" ಸೆರಗೊಡ್ಡಲು ಹೋಗಬೇಕು. ನಮಗಿನ್ನು ಇರುವುದು ಇಪ್ಪತ್ತೈದೇ ದಿನ. ನೆಪ ಹೇಳಬೇಡ, ಊಟ ಮಾಡಿ ಬರೆಯುತ್ತೇನೆ ಎನ್ನಬೇಡ. ಮುಂದಿನ ತಿಂಗಳು ಹುಟ್ಟುವ ಮೊದಲು ನಿನ್ನ ಉತ್ತರ ನನ್ನ ಕೈಯಲ್ಲಿರಬೇಕು. ಪೆನ್ನು ತಗೋ.