ಬಲಗಡೆಯ ಒಳಜೇಬು

ಭಾನುವಾರ, ಮಧ್ಯಾಹ್ನ

ನನ್ನ ಮುದ್ದು ಮಗಳೇ,

ಹೊಲಿಗೆ ಯಂತ್ರ ಬಿಟ್ಟು ನಿಮ್ಮಮ್ಮ ಸಂಶೋಧಕಿಯಾಗಿದ್ದಾಳೆ, ನಗಬೇಡ. ಯುದ್ಧದಲ್ಲಿ ಮನೆಯವರನ್ನು ಕಳೆದುಕೊಂಡವರಿಗೆ ಎಂಥ ನ್ಯಾಯ ಬೇಕು ಎಂದು ವಿಶ್ವವಿದ್ಯಾಲಯದ ಮೇಡಂ ಅಧ್ಯಯನ ಮಾಡುತ್ತಿದ್ದಾರೆ. ನೊಂದವರನ್ನು ನೊಂದವರೇ ಕೇಳಲಿ ಎಂದು ನಮ್ಮಂಥ ಕೆಲವರ ಕೈಗೆ ರೆಕಾರ್ಡರ್ ಕೊಟ್ಟಿದ್ದಾರೆ. ನಮ್ಮ ಕಥೆ ನಾವು ಬಾಯಿಬಿಡುವಂತಿಲ್ಲ. ಯಾರ ದನಿ ದಾಖಲಾದರೂ ಅವರ ಒಪ್ಪಿಗೆ ಪಡೆಯಲೇಬೇಕು.

ಹೋದ ವಾರ ಬೇಕರಿ ನಡೆಸುವ ಒಬ್ಬ ಹೆಂಗಸಿನ ಮನೆಗೆ ಹೋಗಿದ್ದೆ. ಗಂಡನ ಶವ ಬಂದಾಗ ಮುಖ ಗುರುತು ಸಿಗುವಂತಿರಲಿಲ್ಲವಂತೆ. ಮೈಕಟ್ಟು ನೋಡಿ ಇವರೇ ಎಂದು ಮಣ್ಣು ಮಾಡಿದಳಂತೆ. ಮೈಮೇಲಿದ್ದ ಕೋಟನ್ನು ಬಾಗಿಲ ಹಿಂದೆ ತೂಗುಹಾಕಿದ್ದಾಳೆ. ಗಂಡ ಕನಸಿಗೆ ಬಂದು ಬೆನ್ನು ತಿರುಗಿಸಿ ಕೂರುತ್ತಾನಂತೆ. "ಹೆಸರು ಹಿಡಿದು ಕರೆದ್ರೂ ತಿರುಗಲ್ಲ ಅಕ್ಕಾ, ಬೇರೆ ಯಾರನ್ನೋ ಕರೀತಿದೀನಿ ಅನ್ನೋ ಹಾಗೆ ಇರ್ತಾರೆ" ಎಂದಳು.

ಎದ್ದು ಹೋಗಿ ಕೋಟು ಮುಟ್ಟಿದೆ. ಒಳಜೇಬು ಬಲಗಡೆಗಿತ್ತು. ನಿಮ್ಮಪ್ಪನದು ಎಡಗೈ ಎಂದು ನಾನು ಹಾಗೆ ಹೊಲಿಯುತ್ತಿದ್ದೆ. ಜೇಬಿಗೆ ಬಟ್ಟೆ ಸಾಲದೆ ನಿನ್ನ ಹಳದಿ ಫ್ರಾಕಿನ ತುಂಡು ಹಾಕಿದ್ದೆನಲ್ಲ, ನೀನು ಚೆಲ್ಲಿದ ಶಾಯಿಯ ಕಲೆ ಇನ್ನೂ ಇದೆ. ಒಳಗೆ ಬೆಚ್ಚಗಿತ್ತು, ಈಗಷ್ಟೇ ಯಾರೋ ಬಿಚ್ಚಿಟ್ಟ ಹಾಗೆ.

ನಿಮ್ಮಪ್ಪ ಯುದ್ಧದಲ್ಲಿ ಕೋಟನ್ನು ಯಾರಿಗೋ ಕೊಟ್ಟಿರಬಹುದು, ಅವರ ಕೈ ಮೊದಲೇ ಧಾರಾಳ ಎಂದುಕೊಂಡೆ. ಆದರೂ ಮನಸ್ಸು ಕೇಳಲಿಲ್ಲ. ಮರುದಿನ ಅವಳ ಜೊತೆ ಸಮಾಧಿಗೆ ಹೋದೆ. ಅವಳು ಗಿಡಕ್ಕೆ ನೀರು ತರಲು ಹೋದಾಗ ಬಗ್ಗಿ, ಮನೆಯಲ್ಲಿ ಕರೆಯುತ್ತಿದ್ದ ಹೆಸರಿನಿಂದ ನಿಮ್ಮಪ್ಪನನ್ನು ಮೆಲ್ಲಗೆ ಕರೆದೆ. ಊಟಕ್ಕೆ ಕರೆದರೆ "ಬಂದೇ, ಇರು" ಎಂದು ಅಲ್ಲೇ ಕೂರುತ್ತಿದ್ದರಲ್ಲ, ಅದು ನೆನಪಾಯಿತು. ಒಂದು ಎಲೆಯೂ ಅಲುಗಲಿಲ್ಲ. ನನಗೆ ಸಮಾಧಾನವಾಯಿತೋ ನಿರಾಸೆಯಾಯಿತೋ ತಿಳಿಯದು.

ಅವಳು ವಾಪಸು ಬಂದು, ಇದೊಂದು ಜಾಗ ಇಲ್ಲದಿದ್ದರೆ ತನಗೆ ಹುಚ್ಚು ಹಿಡಿಯುತ್ತಿತ್ತು ಎಂದಳು. ಕೋಟಿನ ಮಾತು ಎತ್ತದೆ ಅವಳ ಕೈಯಿಂದ ಕೊಡ ಇಸಿದುಕೊಂಡು ಗಿಡಕ್ಕೆ ನೀರು ಹಾಕಿದೆ. ಶವವೂ ಸಿಗದ ಅಪ್ಪನಿಗೊಂದು ಸಮಾಧಿಯಾದರೂ ಇದ್ದಿದ್ದರೆ ಎಂದು ನೀನು ಎಷ್ಟು ಅತ್ತಿದ್ದೀಯೆಂದು ನನಗೆ ಗೊತ್ತು. ಆದರೆ ಅವಳ ಕೈಯಿಂದ ಆ ಹಿಡಿ ಮಣ್ಣನ್ನು ಹೇಗೆ ಕಿತ್ತುಕೊಳ್ಳಲಿ? ಒಳಗಿರುವುದು ಅವಳ ಗಂಡನೇ ಎಂದುಕೊಂಡು ಸುಮ್ಮನಿದ್ದೇನೆ. ನೀನೂ ಹಾಗೇ ಅಂದುಕೋ.

ನಿನ್ನ
ಅಮ್ಮ

ಕೊನೆಗೊಂದು ಮಾತು: ಪತ್ರ ಅಂಚೆಗೆ ಹಾಕುವಷ್ಟರಲ್ಲಿ ನಾನು ಕೊಟ್ಟುಬಂದ ರೆಕಾರ್ಡಿಂಗ್ ಕೇಳಿ ಮೇಡಂ ಫೋನ್ ಮಾಡಿದರು. ಸಮಾಧಿಯ ಹತ್ತಿರ ನನ್ನ ಚೀಲದಲ್ಲಿ ರೆಕಾರ್ಡರ್ ಆನ್ ಆಗಿಯೇ ಇತ್ತಂತೆ. ನಾನು ಕರೆದ ಕೂಡಲೇ "ಬಂದೇ, ಇರು" ಎಂದ ಆ ಗಂಡಸಿನ ಒಪ್ಪಿಗೆ ಪಡೆದಿದ್ದೀರಾ ಎಂದು ಕೇಳಿದರು.